ಬಿಚ್ಚುವ ಮೊದಲು ಸದ್ದಿಗೆ ಹೆಸರಿಡಿ: ಇಲೆಕ್ಟ್ರಿಕ್ ಕಾರಿನ ಗೇರ್‌ಬಾಕ್ಸಿಗೆ ಮನೆಯಂಗಳದ ಸೂತ್ರಗಳು

ಬ್ರಹ್ಮಾವರದಿಂದ ಬಾರ್ಕೂರಿಗೆ ಬರುವ ದಾರಿಯಲ್ಲಿ ಹಸಿರು ನಂಬರ್ ಪ್ಲೇಟಿನ ಕಾರು ಈಗ ಅಪರೂಪವಲ್ಲ. ಕೊಂಡು ಐದಾರು ವರ್ಷವಾದ ಕಾರುಗಳಲ್ಲಿ ಒಂದು ಹೊಸ ಚಿಂತೆ ಶುರುವಾಗುತ್ತದೆ: ಅರವತ್ತರ ವೇಗ ಮುಟ್ಟಿದಾಗ ಎಲ್ಲಿಂದಲೋ ಸಣ್ಣಗೆ ‘ಊಂ’. ಎಂಜಿನ್ನಿನ ಗದ್ದಲವಿಲ್ಲದ ಕಾರಾದ್ದರಿಂದ ಅದು ಮುಚ್ಚಿಹೋಗುವುದೂ ಇಲ್ಲ. ‘ಗೇರ್‌ಬಾಕ್ಸ್ ಹೋಯಿತು, ಇಡೀ ಯೂನಿಟ್ ಬದಲಾಯಿಸಬೇಕು’ ಎಂಬ ಮಾತು ಕೇಳಿ ಕಂಗಾಲಾಗುವವರಿಗಾಗಿ ಈ ಸೂತ್ರಗಳು. ಈ ಪೆಟ್ಟಿಗೆಯೊಳಗಿನ ಭಾಗಗಳು ಕೆಲವೇ, ಒಂದೊಂದರ ಸದ್ದೂ ಬೇರೆ ಬೇರೆ. ಕೆಟ್ಟದ್ದು ಯಾವುದೆಂದು ಗುರುತಿಸುವ ಕೆಲಸ ಬಹುಪಾಲು ಮನೆಯಲ್ಲೇ ಆಗುತ್ತದೆ. ರಿಪೇರಿಯಲ್ಲೂ ಒಂದಿಷ್ಟು ಅಂಗಳದಲ್ಲೇ ಮುಗಿಯಬಲ್ಲದು.

1. ಒಳಗೆ ಏನಿದೆ ಎಂದು ಮೊದಲು ಕಾಗದದಲ್ಲಿ ಬರೆದುಕೊಳ್ಳಿ. 
ಸಾಮಾನ್ಯ ಇಲೆಕ್ಟ್ರಿಕ್ ಕಾರಿನಲ್ಲಿ ಕ್ಲಚ್ಚಿಲ್ಲ, ಐದಾರು ಗೇರುಗಳಿಲ್ಲ. ಮೋಟಾರಿನ ವೇಗವನ್ನು ಎರಡು ಹಂತದಲ್ಲಿ ಇಳಿಸುವ ಎರಡು ಜೊತೆ ಹಲ್ಲಿನ ಚಕ್ರ, ಒಂದು ಡಿಫರೆನ್ಷಿಯಲ್, ಮೂರು ಶಾಫ್ಟಿಗೆ ಎರಡೆರಡರಂತೆ ಆರು ಬೇರಿಂಗ್, ಎರಡು ಮೂರು ಆಯಿಲ್ ಸೀಲ್, ಒಂದು ಲೀಟರಿನ ಆಸುಪಾಸು ಎಣ್ಣೆ. ಇಷ್ಟೇ. ನಿಸ್ಸಾನ್ ಲೀಫ್‌ನಲ್ಲಿ ಮೋಟಾರು ಸುಮಾರು 8 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಬಿಎಂಡಬ್ಲ್ಯು ಐ3ಯಲ್ಲಿ 9.7 ಸುತ್ತಿಗೆ ಒಂದು. ಬಾರ್ಕೂರು ಸ್ಟೇಶನ್ನಿನ ಮೇಲೆ ಹಾದುಹೋಗುವ ರೈಲುಗಳಲ್ಲೂ ಇದೇ ತತ್ವ. ಕೊಂಕಣ ರೈಲ್ವೆಯ ಪೂರ್ತಿ ದಾರಿಗೆ 2022ರಲ್ಲಿ ವಿದ್ಯುತ್ ಬಂತು. ಡಬ್ಲ್ಯುಎಪಿ-7 ಎಂಬ ವಿದ್ಯುತ್ ಲೋಕೋದಲ್ಲಿ ಮೋಟಾರಿನ 20 ಹಲ್ಲಿನ ಪಿನಿಯನ್, ಗಾಲಿಯ ಅಚ್ಚಿಗೆ ಕೂರಿಸಿದ 72 ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಅಷ್ಟು ದೊಡ್ಡ ಗಾಡಿಯೇ ಅಚ್ಚಿಗೊಂದು ಜೊತೆ ಹಲ್ಲಿನ ಮೇಲೆ ಓಡುವಾಗ ನಿಮ್ಮ ಕಾರಿನ ಪೆಟ್ಟಿಗೆಗೆ ಹೆದರಬೇಕಾಗಿಲ್ಲ.

2. ವಾರಂಟಿ ಪುಸ್ತಕ ಓದದೆ ಸ್ಪ್ಯಾನರ್ ಹಿಡಿಯಬೇಡಿ. 
2020ರ ಟಾಟಾ ನೆಕ್ಸಾನ್ ಇವಿಗೆ ಬ್ಯಾಟರಿ ಮತ್ತು ಮೋಟಾರಿನ ಮೇಲೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇತ್ತು. ನಿಮ್ಮ ಕಾರಿನ ಗೇರ್‌ಬಾಕ್ಸ್ ಯಾವ ಸಾಲಿನಲ್ಲಿ ಬರುತ್ತದೆ ನೋಡಿ. ಅವಧಿ ಉಳಿದಿದ್ದರೆ ಪತ್ತೆ ಮಾತ್ರ ಮಾಡಿ, ರಿಪೇರಿ ಅವರಿಗೇ ಬಿಡಿ, ದೂರನ್ನು ಬರವಣಿಗೆಯಲ್ಲಿ ಕೊಡಿ.

3. ಒಂದೇ ವೇಗದಲ್ಲಿ ಮೂರು ಬಗೆಯಲ್ಲಿ ಓಡಿಸಿ. 
ಇಡೀ ಪತ್ತೆಯ ಜೀವಾಳ ಇದು, ಅವಸರ ಮಾಡಬೇಡಿ. ಮಳೆಯಿಲ್ಲದ ಬೆಳಗಿನ ಜಾವ, ವಾಹನ ಕಡಿಮೆಯಿರುವ ನೇರ ರಸ್ತೆ ಆರಿಸಿಕೊಳ್ಳಿ. ಪಕ್ಕದಲ್ಲಿ ಉದ್ದನೆಯ ಕೆಂಪುಕಲ್ಲಿನ ಪಾಗಾರ ಇದ್ದರೆ ಇನ್ನೂ ಒಳ್ಳೆಯದು: ಕಿಟಕಿ ಇಳಿಸಿದರೆ ಸದ್ದು ಗೋಡೆಗೆ ಬಡಿದು ಕಿವಿಗೆ ಮರಳುತ್ತದೆ. ಎ.ಸಿ., ಫ್ಯಾನು, ರೇಡಿಯೊ ಎಲ್ಲ ಬಂದ್.

ಐವತ್ತರ ವೇಗದಲ್ಲಿ ಮೊದಲು ಎಕ್ಸಲರೇಟರ್ ಒತ್ತಿ ಕೇಳಿ. ಆಮೇಲೆ ಕಾಲು ತೆಗೆದು, ರೀಜನ್ (ಮೋಟಾರೇ ಬ್ರೇಕಾಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವುದು) ಹಿಡಿಯುವಾಗ ಕೇಳಿ. ಕೊನೆಗೆ ಹಿಂದೆ ಮುಂದೆ ವಾಹನವಿಲ್ಲವೆಂದು ಖಾತ್ರಿ ಮಾಡಿಕೊಂಡು ನ್ಯೂಟ್ರಲ್‌ಗೆ ಹಾಕಿ, ತೇಲಿಕೊಂಡು ಹೋಗುವಾಗ ಕೇಳಿ. ಕಾರು ಎಳೆಯುವಾಗ ಹಲ್ಲಿನ ಒಂದು ಮುಖಕ್ಕೆ ಭಾರ ಬೀಳುತ್ತದೆ, ರೀಜನ್‌ನಲ್ಲಿ ಇನ್ನೊಂದು ಮುಖಕ್ಕೆ. ಎಳೆಯುವಾಗ ಸಣ್ಣಗಿದ್ದು ರೀಜನ್‌ನಲ್ಲಿ ಜೋರಾದರೆ ಅಥವಾ ತಿರುವುಮುರುವಾದರೆ ಸಂಶಯ ಹಲ್ಲಿನ ಮೇಲೆ. ಮೂರೂ ಸ್ಥಿತಿಯಲ್ಲಿ ಒಂದೇ ತೆರನಾದ ಗುರುಗುಟ್ಟುವಿಕೆ, ವೇಗಕ್ಕೆ ತಕ್ಕಂತೆ ಏರಿಳಿತ ಎಂದಾದರೆ ಬೇರಿಂಗ್. ನ್ಯೂಟ್ರಲ್‌ಗೆ ಹಾಕಿದ ಕ್ಷಣವೇ ಸದ್ದು ಪೂರ್ತಿ ನಿಂತರೆ ಅದು ಬಹುಮಟ್ಟಿಗೆ ಮೋಟಾರು ಮತ್ತು ಇನ್ವರ್ಟರಿನ ವಿದ್ಯುತ್ ಸದ್ದು. ಎಳೆತದಿಂದ ರೀಜನ್‌ಗೆ ಬದಲಾಗುವ ಹೊತ್ತಿಗೆ ಮಾತ್ರ ‘ಟಕ್’ ಎಂದರೆ ಎಲ್ಲೋ ಸಡಿಲ ಇದೆ. ಹತ್ತನೆಯ ಸೂತ್ರ ನೋಡಿ.

ಕೇಳಿದ್ದನ್ನು ಆಗಲೇ ಬರೆದಿಡಿ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಅವರು ಕೇಳಿದ್ದನ್ನೂ ಬೇರೆಯಾಗಿ ಬರೆಸಿ, ಆಮೇಲೆ ಹೋಲಿಸಿ.

4. ಗೇರ್‌ಬಾಕ್ಸಿನ ಮೇಲೆ ಸುಳ್ಳು ಆರೋಪ ಹೊರಿಸಬೇಡಿ. 
ಕಾಂಕ್ರೀಟ್ ರಸ್ತೆಯಿಂದ ಡಾಂಬರಿಗೆ ಇಳಿದಾಗ ಸದ್ದು ಬದಲಾದರೆ ಅದು ಟಯರು. ಎಡಕ್ಕೆ ತಿರುಗುವಾಗ ಹೆಚ್ಚಿ ಬಲಕ್ಕೆ ತಿರುಗುವಾಗ ಇಳಿದರೆ ಬಲಗಾಲಿಯ ಬೇರಿಂಗ್ ಪರೀಕ್ಷಿಸಿ, ಏಕೆಂದರೆ ಎಡ ತಿರುವಿನಲ್ಲಿ ಭಾರ ಬಲಕ್ಕೆ ಹೋಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್.

5. ಕಿವಿಗೆ ಜೊತೆಯಾಗಿ ಫೋನು ಇಟ್ಟುಕೊಳ್ಳಿ. 
ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಸದ್ದಿನ ಆವರ್ತನ ತೋರಿಸುವ ಸೌಲಭ್ಯ ಇದೆ. ಇನ್ನುಳಿದದ್ದು ಹೈಸ್ಕೂಲಿನ ಲೆಕ್ಕ. ಟಯರಿನ ಸುತ್ತಳತೆ 1.95 ಮೀಟರ್ ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1,000 ಮೀಟರ್, ಗಾಲಿ ನಿಮಿಷಕ್ಕೆ ಸುಮಾರು 513 ಸುತ್ತು. 8ರ ಅನುಪಾತದಲ್ಲಿ ಮೋಟಾರು ಸುಮಾರು 4,100 ಸುತ್ತು, ಅಂದರೆ ಸೆಕೆಂಡಿಗೆ 68. ಮೋಟಾರಿನ ಕಡೆಯ ಪಿನಿಯನ್ನಿಗೆ 25 ಹಲ್ಲಿದ್ದರೆ ಹಲ್ಲು ಕೂಡುವ ಸದ್ದು 1,700 ಹರ್ಟ್ಸ್ ಬಳಿ ಕಾಣಬೇಕು. ಫೋನಿನಲ್ಲಿ ಅಲ್ಲೇ ಮೊನೆ ಎದ್ದರೆ ಮೊದಲ ಜೊತೆ ಚಕ್ರದ ಮಾತು ಅದು. ಸೆಕೆಂಡಿಗೆ ಎಂಟೊಂಬತ್ತು ಬಾರಿ ಬಡಿಯುವ ಸದ್ದಾದರೆ ಗಾಲಿಯ ವೇಗದಲ್ಲಿ ತಿರುಗುವ ಯಾವುದೋ ಭಾಗ: ಡಿಫರೆನ್ಷಿಯಲ್, ಡ್ರೈವ್ ಶಾಫ್ಟ್ ಅಥವಾ ಟಯರು.

6. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ನಿಲ್ಲಲಿ. 
2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಓಡುತ್ತಿದ್ದದ್ದು 48 ವೋಲ್ಟಿನ ಲೆಡ್-ಆ್ಯಸಿಡ್ ಬ್ಯಾಟರಿಯಲ್ಲಿ. ಈಗಿನ ಹೆಚ್ಚಿನ ಕಾರುಗಳಲ್ಲಿ 300 ವೋಲ್ಟಿಗೂ ಮೀರಿದ ಡಿ.ಸಿ. ಇರುತ್ತದೆ, ಅದು ಪ್ರಾಣ ತೆಗೆಯುತ್ತದೆ. ಗೇರ್‌ಬಾಕ್ಸಿನ ಹೊರಗಿನ ಕೆಲಸಕ್ಕೂ 12 ವೋಲ್ಟಿನ ಬ್ಯಾಟರಿ ಕಳಚಿ, ಸರ್ವಿಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್) ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ಬೇರೆ ಯಾರೂ ಅದನ್ನು ಹಾಕುವ ಹಾಗಿರಬಾರದು. ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾಯಿರಿ, ಇನ್ವರ್ಟರಿನ ಕೆಪಾಸಿಟರ್ ಖಾಲಿಯಾಗಬೇಕು. ಮೋಟಾರನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸಲು ಕಿತ್ತಳೆ ಕೇಬಲ್ ಬಿಚ್ಚಲೇಬೇಕು ಎಂದಾದರೆ, ಅದಕ್ಕೆ ತರಬೇತಿ ಪಡೆದು 1,000 ವೋಲ್ಟಿನ ಕೈಗವಸು ಮತ್ತು ಮೀಟರ್ ಇಟ್ಟುಕೊಂಡವರನ್ನೇ ಕರೆಯಿರಿ. ಈ ಒಂದು ವಿಷಯದಲ್ಲಿ ಧೈರ್ಯ ತೋರಿಸಬೇಡಿ.

7. ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. 
ಮಳೆಗಾಲದಲ್ಲಿ ನಮ್ಮ ಮಣ್ಣಿನ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ. ಸಿಮೆಂಟು ನೆಲ ಹುಡುಕಿ, ಜಾಕಿನ ಮೇಲೆ ನಂಬಿಕೆಯಿಡದೆ ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಮೋಟಾರಿಗೆ ಸೇರಿದ ಎರಡೂ ಗಾಲಿ ಮೇಲಿರಲಿ. ಕೆಲವು ಕಾರುಗಳು ಆಫ್ ಆದೊಡನೆ ತಾವೇ ಪಾರ್ಕಿಂಗ್ ಲಾಕ್ ಹಾಕಿಕೊಳ್ಳುತ್ತವೆ; ನ್ಯೂಟ್ರಲ್‌ನಲ್ಲಿ ಉಳಿಸುವ ಕ್ರಮ ಮ್ಯಾನುಯಲ್‌ನಲ್ಲಿ ಇರುತ್ತದೆ.

ಈಗ ಒಂದು ಗಾಲಿ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ. ಆಗ ತಿರುಗುತ್ತಿರುವುದು ಡಿಫರೆನ್ಷಿಯಲ್ಲಿನ ಒಳಗಿನ ಗೇರುಗಳು ಮಾತ್ರ, ಮೋಟಾರು ನಿಂತೇ ಇರುತ್ತದೆ. ಇಲ್ಲಿ ಗರಗರ ಕೈಗೆ ತಾಗಿದರೆ ಗಾಲಿಯ ಬೇರಿಂಗ್ ಅಥವಾ ಡಿಫರೆನ್ಷಿಯಲ್. ಆಮೇಲೆ ಆಚೆಯ ಗಾಲಿಯನ್ನು ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ, ನೀವು ಈಚೆಯದನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. 8ರ ಅನುಪಾತದ ಕಾರಿನಲ್ಲಿ ಮೋಟಾರು ನಾಲ್ಕು ಸುತ್ತು ಬರುತ್ತದೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಜಾಗದ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ಅಕ್ಕಿ ಮಿಲ್ಲಿನಲ್ಲೂ ಪಂಪ್‌ಸೆಟ್ಟಿನಲ್ಲೂ ನಮ್ಮ ಮೆಕ್ಯಾನಿಕ್‌ಗಳು ಹೀಗೆಯೇ ಬೇರಿಂಗ್ ನೋಡುವುದು, ಇದಕ್ಕಿಂತ ಅಗ್ಗದ ಉಪಕರಣ ಬೇರೆ ಇಲ್ಲ. ಸಮ ಅಂತರದಲ್ಲಿ ಮೆತ್ತಗೆ ಹಿಡಿದು ಬಿಟ್ಟಂತೆ ಅನ್ನಿಸಿದರೆ ಅದು ಮೋಟಾರಿನೊಳಗಿನ ಅಯಸ್ಕಾಂತದ ಸೆಳೆತ, ರೋಗವಲ್ಲ. ಮರಳು ಸಿಕ್ಕಿಕೊಂಡ ಹಾಗೆ ಕರಕರ ಎಂದರೆ ಮಾತ್ರ ರೋಗ.

8. ಎಣ್ಣೆ ಇಳಿಸುವ ಮೊದಲು ತುಂಬಿಸುವ ಪ್ಲಗ್ ಬಿಚ್ಚಿ. 
ಕೆಳಗಿನದ್ದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದ್ದು ತುಕ್ಕು ಹಿಡಿದು ತೆರೆಯದಿದ್ದರೆ ಕಾರು ಅಲ್ಲೇ ಕೂತಿತು. ಉಪ್ಪುಗಾಳಿಯ ಊರಿನಲ್ಲಿ ಇದನ್ನು ಎರಡು ಸಲ ಹೇಳಬೇಕು.

ಇಳಿಸಿದ ಎಣ್ಣೆಯನ್ನು ಬಿಳಿ ಪಾತ್ರೆಯಲ್ಲಿ ಹಿಡಿದು ಬಿಸಿಲಿಗೆ ತನ್ನಿ. ಪ್ಲಗ್ಗಿನ ಅಯಸ್ಕಾಂತದ ಮೇಲೆ ಕಪ್ಪು ಬೂದು ಲೇಪ ಕುಳಿತಿರುತ್ತದೆ. ಅದನ್ನು ಬೆರಳುಗಳ ನಡುವೆ ಉಜ್ಜಿ. ನುಣ್ಣಗೆ ಜಾರಿಹೋದರೆ ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡ ಸವಕಳಿ. ಮೊದಲ ಎಣ್ಣೆಯಲ್ಲಿ ಅದು ಇದ್ದದ್ದೇ. ಬೆರಳಿಗೆ ಚುಚ್ಚಿದರೆ, ಹೊಳೆಯುವ ಚಕ್ಕೆ ಅಥವಾ ಸೂಜಿಯಂಥ ಚೂರು ಕಂಡರೆ ಬೇರಿಂಗೋ ಹಲ್ಲೋ ಕಿತ್ತುಬರುತ್ತಿದೆ. ಅಂಥ ಕಾರನ್ನು ಓಡಿಸಬೇಡಿ. ಪ್ಲಗ್ಗಿಗೆ ಅಯಸ್ಕಾಂತವೇ ಇಲ್ಲದಿದ್ದರೆ ಅಳತೆ ನೋಡಿ ಇರುವಂಥದ್ದನ್ನು ತಂದು ಹಾಕಿ.

ಹೊಸ ಎಣ್ಣೆಗೆ ಅಂಗಡಿಯವರ ಸಲಹೆ ಬೇಡ, ಮ್ಯಾನುಯಲ್ಲಿನ ಗ್ರೇಡೇ ಬೇಕು. ಕೆಲವು ಕಾರುಗಳಲ್ಲಿ ಅದೇ ಎಣ್ಣೆ ಮೋಟಾರನ್ನೂ ತಂಪು ಮಾಡುತ್ತದೆ. ಅಲ್ಲಿ ತಾಮ್ರದ ಸುರುಳಿಗೆ ಹೊಂದದ ಎಣ್ಣೆ ಹಾಕಿದರೆ ಮೋಟಾರಿಗೇ ಹಾನಿ. ಕಾರು ಸಮತಟ್ಟಾಗಿ ನಿಂತಿರಲಿ, ವಾಷರ್ ಹೊಸದಿರಲಿ. ಹಳೆ ಎಣ್ಣೆಯನ್ನು ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಮನೆಮನೆಗೆ ತೆರೆದ ಬಾವಿ ಇರುವ ಊರು ನಮ್ಮದು, ಒಂದು ಹನಿಯೂ ತೋಡಿಗೆ ಬೀಳಬಾರದು.

9. ಮಳೆಗಾಲದಲ್ಲಿ ಬ್ರೀದರ್ ಮರೆಯಬೇಡಿ. 
ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಉಸಿರಾಟಕ್ಕೆಂದು ಸಣ್ಣ ಮುಚ್ಚಳ ಅಥವಾ ಕೊಳವೆ ಇರುತ್ತದೆ. ಉಡುಪಿಯಿಂದ ಓಡಿ ಬಂದ ಕಾರಿನ ಪೆಟ್ಟಿಗೆ 70 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ಸೀತಾನದಿ ಉಕ್ಕಿ ಗದ್ದೆಬಯಲಿನ ರಸ್ತೆಗೆ ನೀರು ಬಂದಿದೆ. ಆ ನೀರಿಗಿಳಿದ ಕೂಡಲೇ ಪೆಟ್ಟಿಗೆ 30 ಡಿಗ್ರಿಗೆ ತಣಿದರೆ ಒಳಗಿನ ಗಾಳಿಯ ಒತ್ತಡ ಸುಮಾರು ಶೇ. 12ರಷ್ಟು ಇಳಿಯುತ್ತದೆ. ಆ ಕೊರತೆ ತುಂಬಲು ಪೆಟ್ಟಿಗೆ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಬರುತ್ತದೆ, ಕೆಸರು ಕಟ್ಟಿ ಮುಚ್ಚಿದ್ದರೆ ಸೀಲಿನ ತುಟಿಯ ಸಂದಿನಿಂದ ನೀರೇ ಬರುತ್ತದೆ. ಹಂಗಾರಕಟ್ಟೆ ಅಳಿವೆಯ ಕಡೆ ಅದು ಉಪ್ಪುನೀರೂ ಆಗಿರಬಹುದು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ತಿಳಿಯಿರಿ. ಆಗ ಒಂದು ಸಲ ಎಣ್ಣೆ ಬದಲಾಯಿಸಿದರೆ ಸಾಲದು. ಹೊಸದು ಹಾಕಿ ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿಸಿ, ಬಣ್ಣ ತಿಳಿಯಾಗುವ ತನಕ ಮಾಡಿ.

ಮೇ ತಿಂಗಳಲ್ಲಿ ಮಾಡಿನ ಹಂಚು ಸರಿಮಾಡುವ ದಿನವೇ ಬ್ರೀದರ್ ಬಿಚ್ಚಿ ತೊಳೆದು ಗಾಳಿ ಹೊಡೆದುಬಿಡಿ. ಹತ್ತು ನಿಮಿಷದ ಕೆಲಸ, ಉಳಿಸುವುದು ಆರು ಬೇರಿಂಗ್.

10. ಸೀಲು ಮತ್ತು ಸ್ಪ್ಲೈನ್: ಮನೆಯಲ್ಲಿ ಗೆಲ್ಲುವ ರಿಪೇರಿ. 
ಡ್ರೈವ್ ಶಾಫ್ಟ್ ಹೊರಬರುವಲ್ಲಿ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಸೀಲು ಬದಲಾಯಿಸಿ. ಶಾಫ್ಟ್ ಎಳೆಯುವಾಗ ಎಣ್ಣೆ ಸುರಿಯುತ್ತದೆ, ಪಾತ್ರೆ ಇಟ್ಟುಕೊಳ್ಳಿ. ಸೀಲು ಓಡಾಡಿದ ಜಾಗದಲ್ಲಿ ಉಗುರು ಆಡಿಸಿ ನೋಡಿ. ಗೆರೆ ತಡೆದರೆ ಹೊಸ ಸೀಲೂ ಸೋರುತ್ತದೆ. ಸೀಲಿನ ತುಟಿಗೆ ಎಣ್ಣೆ ಸವರಿ, ಸುತ್ತ ಸಮವಾಗಿ ತಟ್ಟಿ ಕೂರಿಸಿ.

ಎಳೆತ ಮತ್ತು ರೀಜನ್ ನಡುವಿನ ಆ ‘ಟಕ್’ ಬಹಳ ಸಲ ಮೋಟಾರು ಶಾಫ್ಟು ಗೇರ್‌ಬಾಕ್ಸಿಗೆ ಸೇರುವ ಸ್ಪ್ಲೈನಿನದ್ದು (ಹಲ್ಲುಹಲ್ಲಾದ ಜೋಡಣೆ). ಒಣ ಸ್ಪ್ಲೈನಿನ ಗುರುತು ಕೆಂಪು ಕಂದು ಪುಡಿ. ಸವಕಳಿ ಹೆಚ್ಚಿಲ್ಲದಿದ್ದರೆ ಶುಚಿ ಮಾಡಿ ಕಂಪನಿ ಹೇಳಿದ ಗ್ರೀಸ್ ಹಾಕಿದರೆ ಸಾಕು. ಆದರೆ ಅಲ್ಲಿಗೆ ತಲುಪಲು ಮೋಟಾರು ಬೇರ್ಪಡಿಸಬೇಕು. ಆರನೆಯ ಸೂತ್ರ ಇಲ್ಲಿ ಲಾಗು.

11. ಪೆಟ್ಟಿಗೆ ತೆರೆಯಲೇಬೇಕಾದರೆ ಅಳತೆ ಮೊದಲು, ಸುತ್ತಿಗೆ ಬೇಡವೇ ಬೇಡ. 
ಪ್ರತಿ ಹಂತದ ಫೋಟೊ ತೆಗೆಯಿರಿ. ಬೇರಿಂಗಿನ ಹಿಂದಿನ ತೆಳು ಶಿಮ್‌ಗಳನ್ನು ಯಾವ ಬದಿಯದ್ದೆಂದು ಬರೆದ ಪೊಟ್ಟಣದಲ್ಲಿಡಿ. ಅದಲು ಬದಲಾದರೆ ಹೊಸ ಬೇರಿಂಗೂ ಕೂಗುತ್ತದೆ. ಬೇರಿಂಗಿನ ಪಕ್ಕದಲ್ಲಿ ಕೊರೆದ ಸಂಖ್ಯೆಯೇ ಅದರ ಜಾತಕ. 6207 ಎಂದಿದ್ದರೆ ಒಳವ್ಯಾಸ 35 ಮಿ.ಮೀ. (ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ), ಹೊರವ್ಯಾಸ 72, ದಪ್ಪ 17. ಸಂಖ್ಯೆಯ ನಂತರದ ಸಿ3 ಮೊದಲಾದ ಅಕ್ಷರಗಳನ್ನೂ ಬಿಡದೆ ಬರೆದುಕೊಂಡು ಅಂಗಡಿಗೆ ಹೋಗಿ. ಅತಿ ವೇಗದಲ್ಲಿ ತಿರುಗುವ ಶಾಫ್ಟಿಗೆ ಅವು ಮುಖ್ಯ. ಶಾಫ್ಟಿಗೆ ಏರಿಸುವಾಗ ಒಳಬಳೆಯ ಮೇಲೆ ಮಾತ್ರ ಒತ್ತಡ ಬೀಳಲಿ. ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರೆ ಸಲೀಸಾಗಿ ಜಾರುತ್ತದೆ.

ತೆಗೆದ ಬೇರಿಂಗನ್ನು ಎಸೆಯುವ ಮೊದಲು ಕತ್ತರಿಸಿ, ಗುಂಡು ಓಡುವ ದಾರಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಕಣ್ಣಿಗೆ ಕನ್ನಡಕ ಇರಲಿ. ಅಡ್ಡಡ್ಡಕ್ಕೆ ಸಮ ಅಂತರದ ಬೂದು ಗೆರೆಗಳಿದ್ದರೆ ಇನ್ವರ್ಟರಿನಿಂದ ಶಾಫ್ಟಿಗೆ ಹರಿದ ವಿದ್ಯುತ್ತು ಬೇರಿಂಗಿನೊಳಗೆ ಕಿಡಿಯಾಗಿ ಹಾರಿದೆ ಎಂದರ್ಥ. ಆಗ ಬೇರಿಂಗ್ ಮಾತ್ರ ಬದಲಾಯಿಸಿದರೆ ಮತ್ತೆ ಅದೇ ಗತಿ. ಶಾಫ್ಟಿನ ಅರ್ತ್ ಬ್ರಶ್ ಇದ್ದರೆ ಅದನ್ನು ಪರೀಕ್ಷಿಸಬೇಕು, ಇಲ್ಲವೇ ಸೆರಾಮಿಕ್ ಗುಂಡಿನ ಬೇರಿಂಗ್ ಹಾಕಬಹುದೇ ಎಂದು ತಿಳಿದವರಲ್ಲಿ ಕೇಳಬೇಕು. ಹಲ್ಲೇ ಮುರಿದಿದ್ದರೆ ಜೊತೆಯ ಎರಡೂ ಚಕ್ರ ಬದಲಾಗಬೇಕು. ಅಲ್ಲಿ ಇಡೀ ಯೂನಿಟ್ ಹಾಕಿಸುವುದೇ ಅಗ್ಗವಾಗಬಹುದು, ಲೆಕ್ಕ ಹಾಕಿ ನೋಡಿ.

12. ಮುಚ್ಚುವಾಗ ಕೈ ಬಿಗಿ ನಂಬಬೇಡಿ. 
ಕವಚ ಅಲ್ಯೂಮಿನಿಯಮ್ಮಿನದು, ಬೋಲ್ಟು ಕೂರುವ ಥ್ರೆಡ್ ಹಾಳಾದರೆ ಇನ್ನೊಂದು ಖರ್ಚು. ಟಾರ್ಕ್ ರೆಂಚ್ ಬಾಡಿಗೆಗಾದರೂ ತನ್ನಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಗ್ಯಾಸ್ಕೆಟ್ ಪೇಸ್ಟ್ ತೆಳುವಾಗಿರಲಿ, ಒಳಗೆ ಉಕ್ಕಿದ್ದು ಕಳಚಿ ಎಣ್ಣೆಯ ದಾರಿ ಕಟ್ಟುತ್ತದೆ.

13. ಅದೇ ರಸ್ತೆ, ಅದೇ ವೇಗ, ಮತ್ತೊಂದು ರೆಕಾರ್ಡಿಂಗ್. 
ಮೂರನೆಯ ಸೂತ್ರದ ಪರೀಕ್ಷೆಯನ್ನು ಹಾಗೆಯೇ ಮತ್ತೆ ಮಾಡಿ, ಫೋನಿನ ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿ. ಮೊದಲ ದಿನ ಓಡಿಸಿ ಬಂದ ಮೇಲೆ ಕಾರಿನಡಿಗೆ ರಟ್ಟಿನ ಹಾಳೆ ಹಾಸಿಟ್ಟು, ಬೆಳಿಗ್ಗೆ ಎಣ್ಣೆಯ ಕಲೆ ಇದೆಯೇ ನೋಡಿ. ಒಳಗೆ ಕೈಹಾಕಿದ ಗೇರ್‌ಬಾಕ್ಸಾದರೆ 1,000 ಕಿ.ಮೀ. ಆಸುಪಾಸಿಗೆ ಎಣ್ಣೆ ಇನ್ನೊಮ್ಮೆ ಇಳಿಸಿ, ಪ್ಲಗ್ಗಿನ ಲೇಪವನ್ನು ಮತ್ತೆ ಬೆರಳಲ್ಲಿ ಉಜ್ಜಿ ನೋಡಿ, ದಿನಾಂಕ ಮತ್ತು ಕಿಲೋಮೀಟರನ್ನು ಕಾರಿನ ಸರ್ವಿಸ್ ಪುಸ್ತಕದಲ್ಲೇ ಬರೆದಿಡಿ.