ಬಸುರಿಯ ಆರೈಕೆ

ಬಸಿರು ಕಾಯಿಲೆಯಲ್ಲ. ಆದರೂ ಕೆಲವು ಬಸುರಿಯರಿಗೆ ಅಪಾಯ ಹೆಚ್ಚು. ವಯಸ್ಸು 18 ತುಂಬಿರುವುದಿಲ್ಲ, ಇಲ್ಲವೇ 35 ದಾಟಿರುತ್ತದೆ. ಹಿಂದಿನ ಹೆರಿಗೆ ಆಪರೇಷನ್ ಆಗಿರುತ್ತದೆ. ಹೊಟ್ಟೆಯಲ್ಲಿ ಅವಳಿ ಇರುತ್ತವೆ. ರಕ್ತ ಕಡಿಮೆ ಇರುತ್ತದೆ. ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುತ್ತದೆ.

"ನಾವೆಲ್ಲ ಕಳೆ ಕೀಳ್ತಾ ಕೀಳ್ತಾನೇ ಹೆತ್ತಿಲ್ವೇನೇ?" ಅಂತಾರೆ ಅತ್ತೆಯಂದಿರು. ಹೌದು, ಹೆತ್ತರು. ಹೆರುವಾಗ ಸತ್ತವರು ಬಂದು ಮಾತಾಡೋದಿಲ್ಲವಲ್ಲ!

ಈಗ ನಾವು ಓದಲು ಕಲಿತಿದ್ದೇವೆ. ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆಯೋಣ. ಅದರಲ್ಲಿ ರಕ್ತದ ಅಂಶ ಬರೆದಿರುತ್ತಾರೆ. 11 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 7ಕ್ಕಿಂತ ಕಡಿಮೆ ಇದ್ದರೆ ಸೊಪ್ಪು, ಬೆಲ್ಲ ಸಾಲದು. ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಬಿ.ಪಿ. 140/90 ಮುಟ್ಟಿದರೆ ಅದೂ ಅಪಾಯವೇ. ಬಿ.ಪಿ. ಕಣ್ಣಿಗೆ ಕಾಣೋದಿಲ್ಲ. ಅಳೆದೇ ತಿಳಿಯಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಪುಕ್ಕಟೆಯಾಗಿ ಪರೀಕ್ಷೆ ಮಾಡುತ್ತಾರೆ.

ಮನೆಯಲ್ಲಿ ನಾವೇನು ಮಾಡಬೇಕು? ತುಂಬಿದ ಕೊಡ, ಸೌದೆ ಹೊರೆ ಅವಳಿಂದ ಹೊರಿಸಬಾರದು. ಮಧ್ಯಾಹ್ನ ಎರಡು ಗಂಟೆಯಾದರೂ ಮಲಗಲಿ. ಎಡಮಗ್ಗುಲಾಗಿ ಮಲಗಿದರೆ ಒಳ್ಳೆಯದು. ಮುದ್ದೆ, ಕಾಳಿನ ಸಾರು, ನುಗ್ಗೆಸೊಪ್ಪು, ಮೊಟ್ಟೆ ಕೊಡೋಣ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದಲ್ಲ, ಮೊದಲೇ ಬಡಿಸೋಣ. ಕಡಿಮೆ ಉಂಡರೆ ಹೆರಿಗೆ ಸಲೀಸು ಅನ್ನುವುದು ಸುಳ್ಳು.

ಕಬ್ಬಿಣದ ಗುಳಿಗೆ ತಿಂದರೆ ಮಗು ಕಪ್ಪಾಗುತ್ತದೆ ಅಂತಾರೆ. ಅದೂ ಸುಳ್ಳು. ಕಪ್ಪಾಗೋದು ಮಲ ಮಾತ್ರ, ಹೆದರಬೇಡಿ. ಗುಳಿಗೆಯನ್ನು ಟೀ, ಕಾಫಿ, ಹಾಲಿನ ಜೊತೆ ನುಂಗಬಾರದು. ನಿಂಬೆ ಪಾನಕದ ಜೊತೆ ನುಂಗಬಹುದು. ಸುಣ್ಣದ ಅಂಶದ ಗುಳಿಗೆಯನ್ನು ಬೇರೆ ಹೊತ್ತಿಗೆ ತಗೊಳ್ಳಬೇಕು.

ಕೆಲವಕ್ಕೆ ಮನೆಮದ್ದು ಇಲ್ಲ. ಮುಖ, ಕೈ ಊದುವುದು. ತಲೆ ಸಿಡಿಯುವುದು. ಕಣ್ಣು ಮಂಜಾಗುವುದು. ಫಿಟ್ಸ್ ಬರುವುದು. ರಕ್ತ ಹೋಗುವುದು, ಸ್ವಲ್ಪವೇ ಆದರೂ. ನೋವು ಬರುವ ಮೊದಲೇ ನೀರು ಹೋಗುವುದು. ಜೋರು ಜ್ವರ. ಮಗು ಮಿಸುಕಾಡುವುದು ಕಡಿಮೆಯಾಗುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ, ಗಂಡ ಬರಲಿ ಅಂತ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. ಆ ಗಾಡಿಗೆ ದುಡ್ಡು ಕೊಡಬೇಕಿಲ್ಲ. ಆಶಾ ಅಕ್ಕನಿಗೂ ಹೇಳಿ ಕಳಿಸಬೇಕು.

ಏಳು ತಿಂಗಳು ತುಂಬುವ ಹೊತ್ತಿಗೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳೋಣ. ಯಾವ ಆಸ್ಪತ್ರೆ? ಜೊತೆಗೆ ಯಾರು? ರಕ್ತ ಬೇಕಾದರೆ ಕೊಡೋರು ಯಾರು? ದೊಡ್ಡ ಮಗುವನ್ನು ನೋಡಿಕೊಳ್ಳೋರು ಯಾರು? ತಾಯಿ ಕಾರ್ಡು, ಹಳೇ ಸೀರೆಯ ಒಗೆದ ಬಟ್ಟೆ, ಸ್ವಲ್ಪ ದುಡ್ಡು ಒಂದೇ ಚೀಲದಲ್ಲಿ ಕಟ್ಟಿ, ಕೈಗೆ ಸಿಗುವ ಹಾಗೆ ಬಾಗಿಲ ಹಿಂದಿನ ಗೂಟಕ್ಕೆ ನೇತು ಹಾಕೋಣ.