ಉಂಡು ಮಲಗುವ ತನಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವೆಂಬ ಗಾದೆಯನ್ನು ಕೇಳುತ್ತಲೇ ಬೆಳೆದು ಸಂತೆಬಾಚಹಳ್ಳಿಗೆ ಸೊಸೆಯಾಗಿ ಬಂದ ನನಗೆ, ಜಗಳವೇ ಇಲ್ಲದ ಮನೆಯಲ್ಲಿಯೂ ಅನ್ನ ಸೇರದ ಇರುಳುಗಳುಂಟೆಂಬುದು ತಿಳಿದದ್ದು, ಮಳೆ ಕೈಕೊಟ್ಟು ರಾಗಿಯ ಪೈರು ಹೊಲದಲ್ಲಿಯೇ ಬಾಡಿದ ವರ್ಷದಲ್ಲಿ. ನನ್ನ ಯಜಮಾನರು ಸ್ವಭಾವತಃ ಮಿತಭಾಷಿಗಳು. ಚಿಂತೆ ಅಡಸಿದಾಗ ಇದ್ದ ನಾಲ್ಕು ಮಾತೂ ಬತ್ತಿ, ಜಗುಲಿಯ ಮೇಲೆ ಸುಮ್ಮನೆ ಕುಳಿತುಬಿಡುವರು. ಅವರ ಮುಖ ಬಾಡಿತೆಂದರೆ ನನ್ನ ಹಸಿವೂ ಅಡಗುತ್ತಿತ್ತು. ಒಂದು ರಾತ್ರಿ ನಮ್ಮತ್ತೆಯವರು ಮುದ್ದೆಯ ತಟ್ಟೆಯನ್ನು ನನ್ನ ಮುಂದಿರಿಸಿ, “ಅವ್ನ ಮೊಕ ಬಾಡುದ್ರೆ ನೀನ್ಯಾಕವ್ವ ಉಣ್ದೆ ಕುಂತಿದ್ದೀಯೆ? ಉಣ್ಣು. ನಿನ್ಗೆ ಕಸುವಿದ್ರೆ ತಾನೆ ಅವ್ನಿಗೆ ಧೈರ್ಯ ಯೋಳಕ್ಕಾಗದು?” ಎಂದರು.

ನಾನು ಉಂಡೆ. ಉಂಡು ಯಜಮಾನರ ಪಕ್ಕದಲ್ಲಿ ಹೋಗಿ ಕುಳಿತಾಗ, ಆ ಮೌನಕ್ಕೆ ನಾನು ಕಾರಣವಲ್ಲವೆಂಬ ನಿಶ್ಚಯವೂ, ಅದನ್ನು ಆ ಕ್ಷಣವೇ ಹೋಗಲಾಡಿಸಬೇಕಾದ ಹೊಣೆ ನನ್ನದಲ್ಲವೆಂಬ ನಿರಾಳವೂ ಒದಗಿದುದರಿಂದಲೋ ಏನೋ, ಬಹುದಿನಗಳ ಬಳಿಕ ಅವರಾಗಿಯೇ ಸೊಸೈಟಿಯ ಸಾಲದ ಮಾತನ್ನೆತ್ತಿದರು. ತಮ್ಮ ದುಃಖದೊಡನೆ ನನ್ನದನ್ನೂ ಹೊರಬೇಕಾದೀತೆಂಬ ಅಂಜಿಕೆಯೇ ಅಷ್ಟು ಕಾಲ ಬಾಯಿ ಕಟ್ಟಿತ್ತೆಂದು ಆಮೇಲೆ ಅವರೇ ಹೇಳಿದರು.

ಒಬ್ಬರ ದುಃಖಕ್ಕೆ ಇನ್ನೊಬ್ಬರು ಕುಗ್ಗದ ಇಂಥ ಸ್ವಾತಂತ್ರ್ಯವನ್ನು ವೈರಾಗ್ಯವೆಂದು ತಿಳಿಯಲಾಗದು. ನಮ್ಮ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕವಿ ಕೆ. ಎಸ್. ನರಸಿಂಹಸ್ವಾಮಿಯವರು, 1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ ಕವನ ಸಂಕಲನದಿಂದ ಮಡದಿಯ ತವರನ್ನೂ ಮುನಿಸನ್ನೂ ಅಗಲಿಕೆಯನ್ನೂ ನಾಡಿನ ಮನೆಮಾತಾಗಿಸಿದರು. ಆ ಕವನಗಳ ಹೆಂಡತಿಗೆ ತವರೆಂಬ ತನ್ನದೇ ಲೋಕವೊಂದು ಇದ್ದುದರಿಂದಲೇ ಗಂಡನ ಕಾತರಕ್ಕೆ ಅಷ್ಟು ಸೊಗಸು ಬಂದಿತೆಂದು ನಾನು ದೃಢವಾಗಿ ನಂಬುತ್ತೇನೆ.

ಆದರೆ ಮನಸ್ಸು ತನ್ನ ಕಾಲ ಮೇಲೆ ತಾನು ನಿಂತ ಮಾತ್ರಕ್ಕೆ ದಾಂಪತ್ಯ ಸುಖಮಯವಾಗದು. ಒಬ್ಬರಿಂದೊಬ್ಬರು ಏನನ್ನೂ ಬಯಸದೆ, ಒಂದೇ ಸೂರಿನಡಿ ಎರಡು ಸಂಸಾರದಂತೆ ಬಾಳಿದವರನ್ನು ನೆರೆಯಲ್ಲಿಯೇ ಕಂಡಿದ್ದೇನೆ. ಅವರಲ್ಲಿ ಕಲಹವೂ ಇರಲಿಲ್ಲ, ನಗುವೂ ಇರಲಿಲ್ಲ. ಆದಕಾರಣ, ಡೇರಿಯ ಹಾಲಿನ ಲೆಕ್ಕ ನನ್ನದು, ತೋಟದ ಆಳುಕಾಳಿನ ಲೆಕ್ಕ ಅವರದು ಎಂದು ಹಂಚಿಕೊಂಡ ಮೇಲೆಯೂ, ಸಾಲ, ಅತ್ತೆಯವರ ಔಷಧೋಪಚಾರ, ಮಗಳ ಓದು ಇವುಗಳಲ್ಲಿ ಒಬ್ಬರದೇ ತೀರ್ಮಾನ ಸಲ್ಲದೆಂದು ಗೊತ್ತುಮಾಡಿಕೊಂಡೆವು. ಮಗಳನ್ನು ಪಿ.ಯು.ಸಿ.ಗೆ ಮೈಸೂರಿಗೆ ಕಳುಹಿಸುವ ಪ್ರಶ್ನೆ ಬಂದಾಗ ನಮ್ಮಿಬ್ಬರ ಅಭಿಪ್ರಾಯ ಕಡೆಯವರೆಗೂ ಒಂದಾಗಲಿಲ್ಲ. ಹಾಸ್ಟೆಲಿನ ಖರ್ಚು, ಊರವರ ಮಾತು, ಹುಡುಗಿಯ ಹಂಬಲ ಎಲ್ಲವನ್ನೂ ತೂಗಿ ವಾದಿಸಿದೆವು; ಅವರ ಸಂದೇಹ ನನ್ನನ್ನು ನೋಯಿಸಲಿಲ್ಲ, ನನ್ನ ಹಟ ಅವರನ್ನು ಕೆರಳಿಸಲಿಲ್ಲ. ಕಾಲೇಜಿಗೆ ಸೇರಿಸುವ ದಿನ ಇಬ್ಬರೂ ಕೂಡಿಯೇ ಅವಳೊಡನೆ ಬಸ್ಸು ಹತ್ತಿದೆವು.