ಅರೇ ಬೆಳೆಯಲಿ, ಮೆಮೊರಿ ಸೋರದಿರಲಿ

ತುಮಕೂರಿನ ಸಿದ್ಧಗಂಗಾದಲ್ಲೋ ಗುಬ್ಬಿಯ ಚನ್ನಬಸವೇಶ್ವರದಲ್ಲೋ ಇಂಜಿನಿಯರಿಂಗ್ ಓದುತ್ತ ಸಿ ಲ್ಯಾಬಿನಲ್ಲಿ ಕೂತವರಿಗೆ ಒಂದು ಮಾತು. ಪ್ರೋಗ್ರಾಮಿನ ಹೆಸರಿನ ನಂತರ ‘ತುಮಕೂರು ಗುಬ್ಬಿ ಕುಣಿಗಲ್’ ಎಂದು ಕೊಟ್ಟು ಓಡಿಸಿ. ಆರ್ಗ್‌ಸಿ 4 ಎನ್ನುತ್ತದೆ. ಪ್ರೋಗ್ರಾಮಿನ ಹೆಸರೂ ಲೆಕ್ಕಕ್ಕಿದೆ. ಆರ್ಗ್‌ವಿ ಪಟ್ಟಿಯ ಕೊನೆಗೆ ನಲ್ ಪಾಯಿಂಟರ್ ಇದ್ದೇ ಇರುತ್ತದೆ.

ಈ ಪಟ್ಟಿಗೆ ಇನ್ನಷ್ಟು ಸೇರಿಸಬೇಕೆ? ಆರ್ಗ್‌ವಿಯನ್ನೇ ಹಿಗ್ಗಿಸಲು ಹೋಗಬೇಡಿ. ಅದು ನೀವು ಮ್ಯಾಲಾಕ್‌ನಿಂದ ಪಡೆದ ಜಾಗವಲ್ಲ. ನಿಮ್ಮದೇ ಪಾಯಿಂಟರ್ ಅರೇ ಮಾಡಿಕೊಂಡು ಒಂದೊಂದು ಸ್ಟ್ರಿಂಗನ್ನೂ ನಕಲು ಮಾಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕಣ್ಣಿಗೆ ಎರಡೇ ಅಕ್ಷರದ ‘ಗುಬ್ಬಿ’ಯಲ್ಲಿ ಗ, ಉಕಾರ, ಬ, ವಿರಾಮ, ಬ, ಇಕಾರ ಸೇರಿ 6 ಸಂಕೇತ, ಅಂದರೆ 18 ಬೈಟ್. ಸ್ಟ್ರ್‌ಲೆನ್ ಹೇಳುವುದೂ ಅಷ್ಟೇ. ಕೊನೆಯ ಸೊನ್ನೆಗೆಂದು ಒಂದು ಸೇರಿಸಿ 19 ಕೇಳಿ.

ಅರೇಯಲ್ಲಿ ಜಾಗ ಸಾಲದಾದಾಗ ಒಂದೊಂದೇ ಸ್ಥಾನ ಬೆಳೆಸುವ ಬದಲು ದುಪ್ಪಟ್ಟು ಮಾಡಿ. ರಿಯಲಾಕ್ ಕೊಟ್ಟದ್ದನ್ನು ಮೊದಲು ಬೇರೆ ಪಾಯಿಂಟರಿನಲ್ಲಿ ಹಿಡಿಯಿರಿ. ನಲ್ ಬಂದರೂ ಹಳೆಯ ವಿಳಾಸ ಕೈತಪ್ಪುವುದಿಲ್ಲ. ಎಕ್ಸೆಕ್‌ವಿಗೆ ಕೊಡುವುದಾದರೆ ನಿಮ್ಮ ಅರೇಯ ಕೊನೆಗೂ ನಲ್ ಇಡಿ. ಕೆಲಸ ಮುಗಿದ ಮೇಲೆ ಮೊದಲು ಸ್ಟ್ರಿಂಗುಗಳನ್ನು, ಆಮೇಲೆ ಅರೇಯನ್ನು ಫ್ರೀ ಮಾಡಿ. ಎಲ್ಲಾದರೂ ಸೋರಿದೆಯೇ ಎಂದು ವ್ಯಾಲ್‌ಗ್ರಿಂಡ್‌ನಲ್ಲಿ ಒಮ್ಮೆ ಓಡಿಸಿ ನೋಡಿಬಿಡಿ.